ಯುದ್ಧಕಾಲದ ಜರ್ಮನ್ ಹಾಸ್ಯ ಸಿನಿಮಾ: ಹೈಸ್ಕೂಲ್ ಹುಡುಗರಿಗೆ ತೋರಿಸಬಹುದಾ?

ಚಳ್ಳಕೆರೆ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಶನಿವಾರ ಶಾಲೆ ಬಿಟ್ಟ ಮೇಲೆ ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರಲ್ಲಿ ಮಕ್ಕಳಿಗೆ ಸಿನಿಮಾ ತೋರಿಸುತ್ತೇನೆ. ಕುದಾಪುರದ ಕಡೆ ವಿಮಾನ, ಡ್ರೋನ್ ಪರೀಕ್ಷೆಗೆ ಡಿಆರ್‌ಡಿಒದವರು (ರಕ್ಷಣಾ ಸಂಶೋಧನಾ ಸಂಸ್ಥೆ) ಬಂದ ಮೇಲೆ ನಮ್ಮ ಹುಡುಗರಿಗೆ ವಿಮಾನದ ಹುಚ್ಚು ಜಾಸ್ತಿ. ಶೇಂಗಾ ಕೀಳುವಾಗ ಮೇಲೆ ಸದ್ದಾದರೆ ಸಾಕು, ಕೈಲಿದ್ದ ಗಿಡ ಹಾಗೇ ಹಿಡಿದು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ.

ಅವರಿಗೆ ಅಂತ ಹುಡುಕಿದಾಗ 'ಕ್ವಾಕ್ಸ್, ಡೇರ್ ಬ್ರುಖ್‌ಪೈಲಟ್' ಸಿಕ್ಕಿತು, ಅಂದರೆ 'ವಿಮಾನ ಬೀಳಿಸುವ ಪೈಲಟ್ ಕ್ವಾಕ್ಸ್'. ಹೈಂಟ್ಸ್ ರ್ಯೂಮನ್ ಹೀರೋ. ಸ್ಪರ್ಧೆಯಲ್ಲಿ ಗೆದ್ದು ಪುಗಸಟ್ಟೆ ಟೂರ್ ಸಿಗುತ್ತೆ ಅಂದುಕೊಂಡವನಿಗೆ ಸಿಗೋದು ವಿಮಾನ ತರಬೇತಿ! ಮಹಾ ಪುಕ್ಕಲ, ಬಾಯಿ ಮಾತ್ರ ಬೊಂಬಾಯಿ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ನೋಡಿದರೆ 1941ರದ್ದು, ಹಿಟ್ಲರ್ ಕಾಲದ್ದು. ಆದರೆ ಕಥೆಯಲ್ಲಿ ಯುದ್ಧವೇ ಇಲ್ಲ. ತೋರಿಸಲಾ, ಬೇಡವಾ?

ಹಿರಿಯೂರಿನವನು:
ತೋರಿಸಿ ಸಾರ್. ರ್ಯೂಮನ್ ನಿಜವಾಗಲೂ ಪೈಲಟ್. ಆ ಎರಡು ಅಂತಸ್ತಿನ ರೆಕ್ಕೆಯ ವಿಮಾನ ಇದೆಯಲ್ಲ, ಉಡೆಟ್ ಫ್ಲೆಮಿಂಗೊ, ಅದನ್ನು ಎಷ್ಟೋ ಸೀನಲ್ಲಿ ತಾನೇ ಹಾರಿಸಿದ್ದಾನೆ. 2023ರಲ್ಲಿ ನಮ್ಮ ವಡ್ಡಿಕೆರೆ ಹೊಲಕ್ಕೆ ಡಿಆರ್‌ಡಿಒದ ತಪಸ್ ಡ್ರೋನ್ ಬಿದ್ದಾಗ ಜನ ಜಾತ್ರೆಗೆ ಬಂದ ಹಾಗೆ ಬಂದರು. ಬೀಳೋದನ್ನು ನೋಡೋಕೆ ಯಾರಿಗೆ ಬೇಜಾರು ಹೇಳಿ?

ದುರ್ಗದ ಹಿಸ್ಟರಿ ಮೇಡಂ:
ಮೇಷ್ಟ್ರೇ, ನನ್ನ ತಕರಾರು ಬೀಳೋದರ ಬಗ್ಗೆ ಅಲ್ಲ, ಅವನು ಸರಿಹೋಗೋದರ ಬಗ್ಗೆ. ಮೊದಲು ಯಾರ ಮಾತೂ ಕೇಳದ ಆಸಾಮಿ ಕೊನೆಗೆ ತಾನೇ ಗುರು ಆಗಿ ಹೊಸಬರಿಗೆ ಶಿಸ್ತು ಕಲಿಸುತ್ತಾನೆ. ಪಾಪ, ಉದ್ಧಾರ ಆದ ಅಂತ ನಮಗೂ ಖುಷಿ. ಸಿನಿಮಾ ತೆರೆಗೆ ಬಂದಿದ್ದು ಡಿಸೆಂಬರಲ್ಲಿ. ಅದೇ ತಿಂಗಳು ಜರ್ಮನ್ ಸೈನ್ಯ ಮಾಸ್ಕೋ ಹೊರಗೆ ಹಿಮದಲ್ಲಿ ಸಿಕ್ಕಿಬಿದ್ದಿತ್ತು. ಹೇಳಿದ ಹಾಗೆ ಕೇಳುವ ಹುಡುಗರು ಆಗ ಹಿಟ್ಲರ್ ಸರ್ಕಾರಕ್ಕೇ ಬೇಕಿತ್ತು, ಅಲ್ವಾ?

ಅದರಲ್ಲಿ 'ಹೈಮಾಟ್, ಡೈನೆ ಷ್ಟೆರ್ನೆ' ಅಂತ ಹಾಡಿದೆ. ಊರಿನ ನೆನಪಿನ ಹಾಡು, ಸೈನಿಕರಿಗೆ ಪಂಚಪ್ರಾಣ. ಬರೆದವನು ಎರಿಕ್ ಕ್ನಾಉಫ್. ಸರ್ಕಾರದ ಮೇಲೆ ಜೋಕ್ ಮಾಡಿದ ಅಂತ ಅವನಿದ್ದ ಮನೆಯಲ್ಲೇ ಇದ್ದ ಇನ್ನೊಬ್ಬ ದೂರು ಕೊಟ್ಟ. 1944ರ ಮೇ ತಿಂಗಳಲ್ಲಿ ಕ್ನಾಉಫ್‌ಗೆ ಮರಣದಂಡನೆ ಆಯಿತು. ಹಾಸ್ಯ ಚಿತ್ರಕ್ಕೆ ಹಾಡು ಬರೆದವನ ಪ್ರಾಣ ಜೋಕಿಗೆ ಹೋಯಿತು ನೋಡಿ. ತೋರಿಸಿ, ಆದರೆ ಇದನ್ನೂ ಹೇಳಿ.

ಚಳ್ಳಕೆರೆ ಮೇಷ್ಟ್ರು:
ಸರಿ ಮೇಡಂ. ಹತ್ತನೇ ಕ್ಲಾಸಿಗೆ ಮಾತ್ರ ತೋರಿಸುತ್ತೇನೆ. ಹಾಡು ಮುಗಿದ ಕೂಡಲೇ ನಿಲ್ಲಿಸಿ ಕ್ನಾಉಫ್ ಕಥೆ ಹೇಳುತ್ತೇನೆ. ಇಂಗ್ಲಿಷ್ ಸಬ್‌ಟೈಟಲ್ ಓದುವಷ್ಟರಲ್ಲಿ ಸೀನೇ ಹೋಗಿರುತ್ತೆ, ಹಾಗಾಗಿ ಡೈಲಾಗೂ ನಾನೇ ಕನ್ನಡದಲ್ಲಿ ಹೇಳಬೇಕು. ಹಿರಿಯೂರಿನವರೇ, ನಿಮ್ಮ ಹತ್ತಿರ ಒಳ್ಳೆ ಸ್ಪೀಕರ್ ಇದೆಯಾ? ನಮ್ಮದು ಬರೀ ಗೊರಗೊರ ಅನ್ನುತ್ತೆ.