ವಿಜಯಪುರದಲ್ಲಿ ಪತ್ರ ಬರೆಯುವ ಕೂಟ ಮಾಡಬೇಕು, ಅನುಭವ ಇದ್ದವರು ಹೇಳಿ

ವಿಜಯಪುರದಿಂದ: ತಿಂಗಳಿಗೊಂದು ಭಾನುವಾರ ಹತ್ತು-ಹದಿನೈದು ಜನ ಸೇರಿ ಕೈಯಿಂದ ಪತ್ರ ಬರೆಯಬೇಕು ಅಂತ ಆಸೆ. ಜಾಗ ಎಲ್ಲಿ ನೋಡಲಿ? ದುಡ್ಡು ತಗೊಳ್ಳಬೇಕಾ? ಮಾಡಿದವರು ಹೇಳಿ.

ಟಿಳಕವಾಡಿ ಅಕ್ಕ: ನಾನು ಏಳು ತಿಂಗಳು ಮಾಡಿ ಕೈಬಿಟ್ಟವಳು. ಕೈಕಾಗದಕ್ಕೆ (ಕೈಯಿಂದ ತಯಾರಿಸಿದ ದಪ್ಪ ಕಾಗದ) 1,460 ರೂಪಾಯಿ, ಆರು ಮಸಿ ಪೆನ್ನಿಗೆ 780. ಮೂರನೇ ಭಾನುವಾರ ಯಾರದೋ ಕೈತಾಗಿ ಮಸಿ ದೌತಿ ಜಮಖಾನೆ ಮೇಲೆ ಉರುಳಿತು. ನಿಂಬೆಹಣ್ಣು ತಿಕ್ಕಿದೆ, ಹಾಲು ಹಾಕಿದೆ. ಕಲೆ ದೊಡ್ಡದಾಯಿತೇ ಹೊರತು ಹೋಗಲಿಲ್ಲ. ಹಾಲ್‌ನವರು ಅಡ್ವಾನ್ಸ್ 500 ವಾಪಸ್ ಕೊಡಲೇ ಇಲ್ಲ. ಮೂರು ಹಾಳೆ ಬರೆದು 5 ರೂಪಾಯಿ ಲಕೋಟೆಯಲ್ಲಿ ಗೋಕಾಕದ ತಂಗಿಗೆ ಕಳಿಸಿದೆ. ದಪ್ಪ ಕಾಗದ, 20 ಗ್ರಾಂ ದಾಟಿತ್ತು. ಕಡಿಮೆ ಬಿದ್ದ 5ಕ್ಕೆ ಡಬಲ್ ಅಂತ ಅವಳು 10 ರೂಪಾಯಿ ಕೊಟ್ಟು ಬಿಡಿಸಿಕೊಂಡಳು. "ಅಕ್ಕಾ, ಇನ್ಮೇಲೆ ಫೋನ್ ಮಾಡು" ಅಂದಳು.

ನವನಗರದವ: ಕೈಕಾಗದ ಯಾಕೆ ಬೇಕಿತ್ತು? ನಾವು ಬಾಗಲಕೋಟೆಯಲ್ಲಿ ಬರೀ ಅಂಚೆ ಕಾರ್ಡು. 50 ಪೈಸೆ. 40 ಕಾರ್ಡಿಗೆ 20 ರೂಪಾಯಿ, ಮುಗೀತು. ಕಾರ್ಡು ಸಿಗಲಿಕ್ಕೆ ಮೂರು ಸಲ ಅಲೆದು ಆಟೋಗೆ 180 ಆಯಿತು, ಅದು ಬೇರೆ ಮಾತು. ನಮ್ಮ ತೊಂದರೆ ವಿಳಾಸದ್ದು. ಆಲಮಟ್ಟಿ ಹಿನ್ನೀರು ಬಂದು ಹಳೇ ಊರಿನ ಎಷ್ಟೋ ಮನೆಯವರು ನವನಗರದ ಸೆಕ್ಟರಿಗೆ ಬಂದಿದ್ದಾರೆ. ಹಿರಿಯರ ಡೈರಿಯಲ್ಲಿ ಇನ್ನೂ ಹಳೇ ಓಣಿ ಹೆಸರೇ ಇದೆ. ಹನ್ನೊಂದು ಕಾರ್ಡು ಮುಟ್ಟಲೇ ಇಲ್ಲ. ಹುಡುಗರಿಗೆ ವಿಳಾಸ ಕೇಳಿದರೆ "ಲೊಕೇಶನ್ ಕಳಿಸ್ಲಾ?" ಅಂತಾರೆ.

ಟಿಳಕವಾಡಿ ಅಕ್ಕ: ಕಾರ್ಡು ಅಂದರೆ ಓಣಿಯವರೆಲ್ಲ ಓದಿ ಆಮೇಲೆ ನಮ್ಮ ಕೈಗೆ. ಅದರಲ್ಲಿ ಏನು ಬರೀತೀರಿ, "ಇತ್ತ ಎಲ್ಲರೂ ಕ್ಷೇಮ" ಅಂತಾನಾ?

ನವನಗರದವ: ಹೌದ್ರೀ, ಕ್ಷೇಮ ಅಂತಾನೇ. ನಮ್ಮವ್ವ ಆ ಕಾರ್ಡು ದೇವರ ಜಗಲಿ ಮೇಲೆ ಇಟ್ಟಿದ್ದಾಳೆ. ನಿಮ್ಮ ಕೈಕಾಗದ ಈಗ ಎಲ್ಲಿದೆ?

ಖಡೇಬಜಾರ್: ಏನಾದರೂ ಬರೀರಿ, ಬಾಲ್‌ಪೆನ್ನಿನಲ್ಲಿ ಬರೀರಿ. ಬೆಳಗಾವಿ ಮಳೆಗೆ ಮಸಿ ನಿಲ್ಲಲ್ಲ. ನನ್ನ ಪತ್ರದಲ್ಲಿ ಉಳಿದದ್ದು "ಪ್ರೀತಿಯ" ಒಂದೇ. ಯಾರಿಗೆ ಅನ್ನೋದು ತೊಳೆದುಹೋಗಿತ್ತು.

ಟಿಳಕವಾಡಿ ಅಕ್ಕ: ಬಾಲ್‌ಪೆನ್ ಕಿರಾಣಿ ಚೀಟಿಗೆ.

ಅಂಚೆ ನಿವೃತ್ತ: ಜಗಳ ಆಮೇಲೆ. ಇನ್‌ಲ್ಯಾಂಡ್ ಲೆಟರ್ ತಗೊಳ್ಳಿ, ಎರಡೂವರೆ ರೂಪಾಯಿ, ಬರೆದು ಮಡಚಿ ಅಂಟಿಸಿದರೆ ದಾರಿಯಲ್ಲಿ ಯಾರೂ ಓದಲ್ಲ. ಆದರೆ ಒಳಗೆ ಏನೂ ಇಡಬಾರದು. ಗುಲಾಬಿ ಪಕಳೆ ನೋಡಿದ್ದೇನೆ, ದೇವರ ಭಂಡಾರದ ಅರಿಶಿನ ನೋಡಿದ್ದೇನೆ. ಒಂದರಲ್ಲಿ ಜೋಳದ ಕಾಳು! ಹೊಸ ಬೆಳೆ ಅಂತ ತೋರಿಸಲಿಕ್ಕೆ ಕಳಿಸಿದ್ದರೋ ಏನೋ. ಸೀಲು ಹೊಡೆದರೆ ಟಪ್ ಅಂತಿತ್ತು. ಇನ್ನೊಂದು, ಪಿನ್ ಕೋಡ್ ಬಂದದ್ದು 1972ರಲ್ಲಿ. ಇನ್ನೂ ಜನ ಆ ಚೌಕ ಖಾಲಿ ಬಿಡ್ತಾರೆ.

ವಿಜಯಪುರದಿಂದ: ಜಾಗದ ಬಗ್ಗೆ ಯಾರೂ ಹೇಳಲಿಲ್ಲ...

ನವನಗರದವ: ಮನೆ ಕಟ್ಟೆ ಮೇಲೆ ಕೂತ್ಕೊಳ್ಳಿ ತಂಗಿ. ಅಂಚೆ ಕಾಕಾ, ಆ ಜೋಳ ಮುಟ್ಟಿತಾ?

ಅಂಚೆ ನಿವೃತ್ತ: ಮುಟ್ಟಿತು. ಅರ್ಧ ಹಿಟ್ಟಾಗಿ.