ಪಾಲಿಸಿಸ್ಟಿಕ್ ಕಿಡ್ನಿ: ತೊಂದರೆ ಕಾಣುವ ಮೊದಲೇ ಸ್ಕ್ಯಾನ್ ಮಾಡಿಸಬೇಕೇ?

ಪ್ರಶ್ನೆ: ನನಗೆ 31 ವರ್ಷ. ತಂದೆಯವರು ಪಾಲಿಸಿಸ್ಟಿಕ್ ಕಿಡ್ನಿಯಿಂದಾಗಿ (ಕಿಡ್ನಿಗಳಲ್ಲಿ ಗುಳ್ಳೆಗಳು ಬೆಳೆಯುವ, ವಂಶಪಾರಂಪರ್ಯವಾಗಿ ಬರುವ ಕಾಯಿಲೆ) ಡಯಾಲಿಸಿಸ್‌ನಲ್ಲಿದ್ದಾರೆ. ನನಗೆ ಸದ್ಯ ಯಾವ ತೊಂದರೆಯೂ ಇಲ್ಲ, ಕಿಡ್ನಿಯ ಕೆಲಸವನ್ನು ಅಳೆಯುವ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ ಕೂಡ ಸರಿಯಾಗಿದೆ. ಈಗಲೇ ಸ್ಕ್ಯಾನ್ ಮಾಡಿಸಬೇಕೇ? ಅನುಭವವುಳ್ಳವರು ತಿಳಿಸಿ.

ಮೊದಲನೆಯವರು: ಕ್ರಿಯಾಟಿನಿನ್ 0.9 ಎಂಬ ಒಂದೇ ಅಂಕಿಯನ್ನು ನಂಬಿ ನಾನು 44ರವರೆಗೆ ಸುಮ್ಮನಿದ್ದೆ. ಗುಳ್ಳೆಗಳ ನಡುವೆ ಉಳಿದ ಒಳ್ಳೆಯ ಭಾಗವೇ ಹೆಚ್ಚು ದುಡಿದು ಕೊರತೆಯನ್ನು ತುಂಬುವುದರಿಂದ ಆ ಅಂಕಿ ವರ್ಷಗಟ್ಟಲೆ ಏರುವುದಿಲ್ಲವೆಂದು ಯಾರೂ ಹೇಳಿರಲಿಲ್ಲ. 160/100 ಇದ್ದ ರಕ್ತದೊತ್ತಡವನ್ನು ಕೆಲಸದ ಒತ್ತಡವೆಂದುಕೊಂಡೆ. ಪಕ್ಕೆನೋವಿಗೆ ಆರು ವರ್ಷ ಐಬುಪ್ರೊಫೆನ್ ನುಂಗಿದೆ, ಕಿಡ್ನಿಗೆ ಹಾನಿ ಮಾಡಬಲ್ಲ ನೋವಿನ ಮಾತ್ರೆಯದು, ಅದನ್ನು ಇಂದಿಗೂ ಕ್ಷಮಿಸಿಕೊಂಡಿಲ್ಲ. ಕೊನೆಗೆ ಗುಳ್ಳೆಯೊಂದು ಒಡೆದು ಒಂಬತ್ತು ದಿನ ಮೂತ್ರದಲ್ಲಿ ರಕ್ತ ಹೋಯಿತು. ಆಗ ಸ್ಕ್ಯಾನ್ ಮಾಡಿದರೆ ಒಂದೊಂದು ಕಿಡ್ನಿ 19 ಸೆಂಟಿಮೀಟರ್!

ಎರಡನೆಯವರು: ನಾನು 29ರಲ್ಲೇ ತಿಳಿದುಕೊಂಡೆ, ಗುಳ್ಳೆಗಳ ಬೆಳವಣಿಗೆಯನ್ನು ನಿಧಾನಗೊಳಿಸುವ, ಆದರೆ ಮೂತ್ರ ಹೆಚ್ಚಿಸುವ ಮಾತ್ರೆಯಾದ ಟೋಲ್ವಾಪ್ಟಾನ್ ಅನ್ನು ನಾಲ್ಕು ವರ್ಷಗಳಿಂದ ಸೇವಿಸುತ್ತಿದ್ದೇನೆ. ದಿನಕ್ಕೆ ಆರು ಲೀಟರ್ ನೀರು, ರಾತ್ರಿ ನಾಲ್ಕು ಸಲ ಏಳುವುದು, ಮೊದಲ 18 ತಿಂಗಳು ತಿಂಗಳಿಗೊಮ್ಮೆ ಯಕೃತ್ತಿನ ರಕ್ತಪರೀಕ್ಷೆ. ಬಸ್ ಪ್ರಯಾಣವನ್ನೇ ಬಿಟ್ಟಿದ್ದೇನೆ. ಆದರೂ ಗುಳ್ಳೆಗಳ ಬೆಳವಣಿಗೆ ನಿಧಾನವಾಗಿದೆ. ಧೈರ್ಯವಿಲ್ಲದವರು ಮಾತ್ರ ಪರೀಕ್ಷೆಯನ್ನು ಮುಂದೂಡುತ್ತಾರೆ.

ಮೂರನೆಯವರು: ಧೈರ್ಯದ ಪಾಠ ಬೇಡ. ಅದೇ ಮಾತ್ರೆಯಿಂದ ಐದನೆಯ ತಿಂಗಳಲ್ಲಿ ನನ್ನ ಯಕೃತ್ತಿನ ಕಿಣ್ವಗಳು ಮಿತಿಯ ನಾಲ್ಕು ಪಟ್ಟು ಏರಿ, ಅದನ್ನು ನಿಲ್ಲಿಸಬೇಕಾಯಿತು. ಕಿಡ್ನಿ ಕೊಡಲು ಮುಂದೆ ಬಂದ ತಂಗಿಗೆ ದಾನಿಗಳ ತಪಾಸಣೆಯಲ್ಲೇ ಗುಳ್ಳೆಗಳಿರುವುದು ಗೊತ್ತಾಯಿತು. ಕೊಡಲು ಬಂದವಳು ರೋಗಿಯಾಗಿ ಹಿಂತಿರುಗಿದಳು. ಅಂದಿನಿಂದ ನಮ್ಮ ಮನೆಯಲ್ಲಿ ನಗುವೇ ಇಲ್ಲ. ಆದ್ದರಿಂದಲೇ 19 ವರ್ಷದ ಮಗಳಿಗೆ ನಾನು ಏನನ್ನೂ ಹೇಳಿಲ್ಲ. ಹೇಗೂ ಮಗನಿಗೆ ಬಂದಿದೆ, ಇಬ್ಬರಲ್ಲಿ ಒಬ್ಬರಿಗೆ ತಾನೆ?

ಎರಡನೆಯವರು: ಲೆಕ್ಕವೇ ತಪ್ಪು. ಪ್ರತಿಯೊಂದು ಮಗುವಿಗೂ ಬೇರೆ ಬೇರೆಯಾಗಿ ಶೇಕಡಾ 50ರ ಸಾಧ್ಯತೆ. ಅಣ್ಣನಿಗೆ ಬಂದರೆ ತಂಗಿಯ ಪಾಲು ಕಡಿಮೆಯಾಗುವುದಿಲ್ಲ.

ಮೂರನೆಯವರು: ಮಕ್ಕಳಿಲ್ಲದವರಿಗೆ ಶೇಕಡಾವಾರು ಹೇಳುವುದು ಸುಲಭ.

ಮೊದಲನೆಯವರು: ನನಗೆ ಮಕ್ಕಳಿದ್ದಾರೆ, ನಾನೇ ಹೇಳುತ್ತೇನೆ. ಸ್ಕ್ಯಾನ್ ಮಾಡಿಸುವುದು, ಬಿಡುವುದು ನಿಮ್ಮ ಮಗಳ ಇಷ್ಟ. ಆದರೆ ಆಕೆಯ ರಕ್ತದೊತ್ತಡವನ್ನು ಕೊನೆಯ ಬಾರಿ ನೋಡಿಸಿದ್ದು ಯಾವಾಗ? ತಲೆನೋವು ಬಂದಾಗ ಆಕೆ ಯಾವ ಮಾತ್ರೆ ನುಂಗುತ್ತಾಳೆ?