ದ್ವೀಪದಲ್ಲಿ ಬೇಸ್ ಕ್ಯಾಂಪ್ ಕಟ್ಟಿದ ಎಂಇಜಿ ಹವಾಲ್ದಾರರಿಗೆ ಬಡಾವಣೆಯಲ್ಲಿ ಫಲಕ: ಏನೇನು ನೋಡಿಕೊಳ್ಳಬೇಕು?

ಹಲಸೂರಿನವ:
ನಮ್ಮ ಬಡಾವಣೆಯ ಹಿರಿಯರೊಬ್ಬರು ತೀರಿಕೊಂಡಿದ್ದಾರೆ. ಎಂಇಜಿಯಲ್ಲಿ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಹವಾಲ್ದಾರ್ ಆಗಿದ್ದವರು. 1970ರ ದಶಕದಲ್ಲಿ ಗ್ರೇಟ್ ನಿಕೋಬಾರ್‌ನ ಕ್ಯಾಂಪ್‌ಬೆಲ್ ಬೇಯಲ್ಲಿ ಬೇಸ್ ಕ್ಯಾಂಪ್ ಎಬ್ಬಿಸಿದವರಲ್ಲಿ ಒಬ್ಬರು ಎಂದು ಮನೆಯವರು ಹೇಳುತ್ತಾರೆ. ಸಂಘದಿಂದ ಪಾರ್ಕಿನಲ್ಲಿ 3x2 ಅಡಿಯ ಕಪ್ಪು ಗ್ರಾನೈಟ್ ಫಲಕ ಹಾಕಿಸುವ ಯೋಚನೆಯಿದೆ. ಮೇಲೆ ಸಿಂಹಲಾಂಛನ, ಕೆಳಗೆ ಹೆಸರು ಮತ್ತು ‘ಕ್ಯಾಂಪ್‌ಬೆಲ್ ಬೇ ನೆಲೆಯ ನಿರ್ಮಾತೃ’. ಎಂಇಜಿ ದಿನ ಸೆಪ್ಟೆಂಬರ್ 30ಕ್ಕೆ ಅನಾವರಣ. ತಿಳಿದವರು ತಿದ್ದಿ.

ದಫ್ತರ್:
ಕಲ್ಲಿಗೆ ಅಡ್ವಾನ್ಸ್ ಕೊಡುವ ಮೊದಲು ಕಾಗದ ನೋಡಿ. ಡಿಸ್ಚಾರ್ಜ್ ಬುಕ್‌ನಲ್ಲಿ ಸರ್ವಿಸ್ ನಂಬರ್, ರ‍್ಯಾಂಕ್, ಟ್ರೇಡ್ (ಸೇನೆಯಲ್ಲಿ ಮಾಡುತ್ತಿದ್ದ ಕಸುಬು) ಮೂರೂ ಇರುತ್ತವೆ. ಹೆಸರಿನ ಸ್ಪೆಲಿಂಗ್ ಪಿಂಚಣಿ ಆದೇಶದಲ್ಲಿ ಇರುವಂತೆಯೇ ಇರಲಿ, ಆಧಾರ್‌ನಲ್ಲಿ ಇರುವಂತೆ ಬೇಡ. ಎರಡೂ ಒಂದೇ ಇರುವುದು ಅಪರೂಪ.

ದ್ವೀಪದಲ್ಲಿ ಇದ್ದದ್ದಕ್ಕೆ ಸುಲಭದ ಪುರಾವೆ ಸೈನ್ಯ ಸೇವಾ ಪದಕ. ಅದರ ರಿಬ್ಬನ್ ಮೇಲೆ ‘ಅಂಡಮಾನ್ ಅಂಡ್ ನಿಕೋಬಾರ್’ ಎಂಬ ಲೋಹದ ಪಟ್ಟಿ ಇದೆಯೇ ನೋಡಿ. ಇದೇ ಪದಕಕ್ಕೆ ಹಿಮಾಲಯ, ಜಮ್ಮು-ಕಾಶ್ಮೀರದ ಪಟ್ಟಿಗಳೂ ಉಂಟು, ಹಾಗಾಗಿ ಪದಕ ಇದ್ದ ಮಾತ್ರಕ್ಕೆ ಸಾಲದು. ಪದಕದ ಅಂಚಿನಲ್ಲಿ ಕೊರೆದ ನಂಬರ್, ಹೆಸರನ್ನು ಪುಸ್ತಕದ ಜೊತೆ ತಾಳೆ ನೋಡಿ.

ಪಟ್ಟಿ ಸಿಗದಿದ್ದರೆ ಅವರ ಪತ್ನಿಯೋ ಮಕ್ಕಳೋ ಸರ್ವಿಸ್ ನಂಬರ್ ಹಾಕಿ ಇಲ್ಲೇ ಬೆಂಗಳೂರಿನ ಎಂಇಜಿ ರೆಕಾರ್ಡ್ಸ್‌ಗೆ ಬರೆಯಲಿ. ಸಂಘದ ಲೆಟರ್‌ಹೆಡ್‌ನಲ್ಲಿ ಕೇಳಿದರೆ ಮೂರನೆಯವರ ಖಾಸಗಿ ಮಾಹಿತಿ ಎಂದು ವಾಪಸ್ ಬರುತ್ತದೆ. ಇನ್ನೊಂದು ಗೊಂದಲ: ಆ ದ್ವೀಪದಲ್ಲಿ ರಸ್ತೆ ಮಾಡಿದ್ದು ಬಾರ್ಡರ್ ರೋಡ್ಸ್. ಅದರ ಎಂಜಿನಿಯರಿಂಗ್ ಪಡೆಯಾದ ಗ್ರೆಫ್ ಸಿಬ್ಬಂದಿಯ ದಾಖಲೆ ಪುಣೆಯ ದಿಘಿಯಲ್ಲಿ. ಪಯೊನೀರ್ ಕೋರ್ ಆಗಿದ್ದರೆ ಅದರ ಸೆಂಟರ್ ಕೂಡ ಬೆಂಗಳೂರಿನಲ್ಲೇ ಇದೆ. ಮನೆಯವರ ಬಾಯಲ್ಲಿ ಎಲ್ಲವೂ ‘ಎಂಇಜಿ’ ಆಗಿಬಿಟ್ಟಿರುತ್ತದೆ.

‘ನಿರ್ಮಾತೃ’ ಬೇಡ. ಕಂಪನಿಯಾಗಿ ಮಾಡಿದ ಕೆಲಸ ಅದು. ‘ನೆಲೆ ಕಟ್ಟಿದ ತಂಡದಲ್ಲಿ ಸೇವೆ ಸಲ್ಲಿಸಿದವರು’ ಎಂದು ಬರೆಸಿ, ಜೊತೆಗೆ ಟ್ರೇಡ್ ಹಾಕಿಸಿ. ಸ್ಯಾಪರ್ (ಸೇನೆಯ ಎಂಜಿನಿಯರ್ ಪಡೆಯ ಸಿಪಾಯಿ) ಎಂದರೆ ಕೈಯಲ್ಲಿ ಒಂದು ಕಸುಬು ಇರಲೇಬೇಕು: ಬಡಗಿ, ಪ್ಲಂಬರ್, ಡೋಜರ್ ಆಪರೇಟರ್. ಜೆಟ್ಟಿಯೇ ಇಲ್ಲದ ತೀರದಲ್ಲಿ ಸಾಮಾನು ಸಣ್ಣ ದೋಣಿಗಳಲ್ಲಿ ಇಳಿಯಬೇಕು. ಕಡಲ ಮರಳಿನಲ್ಲಿ ಕಾಂಕ್ರೀಟ್ ಕಲಸಿದರೆ ಅದರ ಉಪ್ಪು ಒಳಗಿನ ಕಬ್ಬಿಣವನ್ನು ತಿಂದುಹಾಕುತ್ತದೆ, ಸಿಹಿನೀರೂ ಹುಡುಕಬೇಕು. ಅಂಥ ಜಾಗದಲ್ಲಿ ಪ್ಲಂಬರ್ ಎಂಬ ಒಂದು ಪದ ‘ಮಹಾನ್ ದೇಶಭಕ್ತ’ಕ್ಕಿಂತ ಹೆಚ್ಚು ಹೇಳುತ್ತದೆ.

ಜಿಗಣಿ_ಕಲ್ಲು:
3x2 ಅಡಿ, 20 ಮಿ.ಮೀ. ದಪ್ಪದ ಕಪ್ಪು ಗ್ರಾನೈಟ್ ಸುಮಾರು 31-33 ಕೆ.ಜಿ. ಬರುತ್ತದೆ. ಬರೀ ಗಮ್ಮಿನಲ್ಲಿ ಅಂಟಿಸಿದರೆ ಬಿಸಿಲು-ಮಳೆಗೆ ಒಂದು ದಿನ ಕಳಚಿ ಬೀಳುತ್ತದೆ. ನಾಲ್ಕು ಮೂಲೆಗೆ 8 ಮಿ.ಮೀ. ಸ್ಟೇನ್‌ಲೆಸ್ ಪಿನ್, ಎಪಾಕ್ಸಿ ತುಂಬಿ. ತೂತು ಅಂಚಿನಿಂದ 75 ಮಿ.ಮೀ. ಒಳಗಿರಲಿ, ಹತ್ತಿರ ಕೊರೆದರೆ ಮೂಲೆ ಚಕ್ಕೆ ಏಳುತ್ತದೆ. ಕಲ್ಲಿನ ಹಿಂದೆ ನೀರು ನಿಂತರೆ ಅಂಚುಗಳಲ್ಲಿ ಬಿಳಿ ಉಪ್ಪು ಹೂತಂತೆ ಕಾಣುತ್ತದೆ, ಗೋಡೆಗೆ ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ.

ಅಕ್ಷರ 2-3 ಮಿ.ಮೀ. ಆಳ ಕೊರೆಸಿ, ಆಮೇಲೆ ಬಣ್ಣ. ಬಣ್ಣ ಹೋದರೂ ಓದಲು ಬರುತ್ತದೆ. ಹತ್ತು ಅಡಿಯಿಂದ ಓದಲು 25 ಮಿ.ಮೀ. ಎತ್ತರ ಸಾಕು, ಆದರೆ ಒತ್ತಕ್ಷರ ಕೆಳಸಾಲಿಗೆ ತಾಗದಂತೆ ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ತೆಳು ಫಾಂಟ್ ಬೇಡ, ಸ್ಟೆನ್ಸಿಲ್ ಕತ್ತರಿಸುವಾಗ ಒತ್ತುಗಳೇ ಕಿತ್ತುಹೋಗುತ್ತವೆ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಇಲ್ಲಿ: ನೀವು ವಾಟ್ಸಾಪ್‌ನಲ್ಲಿ ಯೂನಿಕೋಡ್ ಕಳಿಸುತ್ತೀರಿ, ಅಂಗಡಿಯವರು ಅದನ್ನು ‘ನುಡಿ’ಗೋ ‘ಬರಹ’ಕ್ಕೋ (ಹಳೆಯ ಕನ್ನಡ ಫಾಂಟ್ ತಂತ್ರಾಂಶಗಳು) ಬದಲಾಯಿಸುತ್ತಾರೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಅಕ್ಷರಗಳನ್ನು ಕರ್ವ್ಸ್ ಮಾಡಿದ (ಫಾಂಟ್ ಬದಲು ರೇಖಾಚಿತ್ರವಾಗಿಸಿದ) ಪಿಡಿಎಫ್ ಕೊಡಿ. ನಿಜ ಅಳತೆಯ ಪ್ರಿಂಟ್ ತೆಗೆಸಿ, ಮನೆಯವರ ಸಹಿ ಬಿದ್ದ ಮೇಲೆಯೇ ಮೆಷಿನ್ ಓಡಲಿ.

ವಾರ್ಡ್_ಸಮಿತಿ:
ಸಿಂಹಲಾಂಛನ ತೆಗೆಯಿರಿ. 2005ರ ರಾಷ್ಟ್ರಲಾಂಛನ ಕಾಯ್ದೆಯ ಪ್ರಕಾರ ಸಂಘಗಳು ಅದನ್ನು ಬಳಸುವಂತಿಲ್ಲ. ಎಂಇಜಿ ಲಾಂಛನ ಬೇಕಿದ್ದರೆ ಸೆಂಟರ್‌ಗೆ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ.

ಪಾರ್ಕ್ ಪಾಲಿಕೆಯ ಸ್ವತ್ತು. 1985ರ ಉದ್ಯಾನವನ ಕಾಯ್ದೆ ಅಲ್ಲಿ ಕಟ್ಟೆ ಕಟ್ಟಲು ಸುಲಭವಾಗಿ ಬಿಡುವುದಿಲ್ಲ. ಫುಟ್‌ಪಾತ್ ಅಂತೂ ಆಗುವುದೇ ಇಲ್ಲ, 2013ರ ಸುಪ್ರೀಂ ಕೋರ್ಟ್ ಆದೇಶವಿದೆ. ಸಂಘದ ಕಚೇರಿ ಗೋಡೆ ಇದ್ದರೆ ಅಲ್ಲೇ ಹಾಕಿ, ಸಭೆಯ ನಡಾವಳಿ ಪುಸ್ತಕದಲ್ಲಿ ಠರಾವು ಬರೆದಿಡಿ.

ಹಲಸೂರಿನವ:
ಕಚೇರಿ ಗೋಡೆ ಇದೆ, ಅದನ್ನೇ ಹಿಡಿಯುತ್ತೇವೆ. ಅನಾವರಣಕ್ಕೆ ಫಲಕದ ಮೇಲೆ ತ್ರಿವರ್ಣ ಧ್ವಜ ಹೊದಿಸಬಹುದೇ? ಅವರ ಮಗಳು ತಂದೆಯ ಪದಕ ಧರಿಸಿ ಬರುತ್ತಾರಂತೆ, ಸರಿಯೇ?

ದಫ್ತರ್:
ಧ್ವಜ ಹೊದಿಸಬೇಡಿ. 2002ರ ಧ್ವಜ ಸಂಹಿತೆಯಲ್ಲಿ ಸ್ಪಷ್ಟವಾಗಿದೆ: ಅನಾವರಣದಲ್ಲಿ ಧ್ವಜ ಎದ್ದು ಕಾಣುವಂತೆ ಇರಬಹುದು, ಸ್ಮಾರಕಕ್ಕೆ ಹೊದಿಕೆ ಆಗಬಾರದು. ಪಕ್ಕದ ಕಂಬದಲ್ಲಿ ಹಾರಿಸಿ, ಫಲಕಕ್ಕೆ ಸಾದಾ ಕಡುನೀಲಿ ಬಟ್ಟೆ ಸಾಕು. ಮಗಳು ಧರಿಸಬಹುದು, ಎದೆಯ ಬಲಗಡೆಗೆ. ಎಡಗಡೆ ಪದಕ ಗಳಿಸಿದವರಿಗೆ ಮಾತ್ರ.